ತಂತಿಯಲ್ಲಿ ಉಳಿದ ಕಾಗದ

ನೆನೆದ ಕಂಬಳಿಯ ವಾಸನೆ ಅಕ್ಕುತಾಯಿಗೆ ಚಿಕ್ಕಂದಿನಿಂದ ಗೊತ್ತು. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ಅವಳ ತಂದೆ ಹೊಲದಲ್ಲಿ ಕುರಿ ತರುಬಿಸುತ್ತಿದ್ದ. ಅಕಾಲದ ಮಳೆ ಬಿದ್ದರೆ ಕುರಿಗಾರರು ಕಂಬಳಿ ಹೊದ್ದು ಮನೆಯ ಕಟ್ಟೆಯ ಅಂಚಿಗೆ ಬಂದು ನಿಲ್ಲುತ್ತಿದ್ದರು. ಉಣ್ಣೆ, ಹೊಗೆ, ಹಿಕ್ಕೆ ಎಲ್ಲ ಕಲೆತ ಆ ವಾಸನೆಗೆ ಹುಡುಗಿ ಅಕ್ಕುತಾಯಿ ಲಂಗದ ತುದಿಯಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಹಾಗೆ ಮಾಡಬಾರದೆಂದು ಯಾರೂ ಹೇಳಲಿಲ್ಲ. ನಿಂತವರು ಕಂಡೂ ಕಾಣದವರಂತೆ ಇನ್ನೊಂದು ಹೆಜ್ಜೆ ಹಿಂದೆ ಸರಿದು ಮಳೆಗೆ ಮೈಯೊಡ್ಡುತ್ತಿದ್ದರು.

ಕಳೆದ ವರ್ಷ ಜುಲೈ ತಿಂಗಳ ಒಂದು ಮುಂಜಾನೆ ಅದೇ ವಾಸನೆ ಅವಳ ಸ್ವಂತ ಮನೆಯ ಕಟ್ಟೆಗೆ ಬಂತು. ಐನಾಪುರದಿಂದ ನಾಲ್ಕು ಕಿಲೋಮೀಟರ್ ದೂರದ ಆ ಊರಿನ ಶಾಲೆಯಲ್ಲಿ ಮೂವತ್ತೆರಡು ವರ್ಷ ಕಲಿಸಿ ನಿವೃತ್ತಳಾದ ಅಕ್ಕುತಾಯಿಗೆ ಈಗ ಎಪ್ಪತ್ತೊಂದು ವಯಸ್ಸು. ಊರಿನಿಂದ ಸೈನ್ಯಕ್ಕೆ ಹೋಗಿ ಬಂದವರ ಹೆಸರುಗಳನ್ನು ಅವರವರ ಪದಕಗಳೊಂದಿಗೆ ಕಲ್ಲಿನಲ್ಲಿ ಕೆತ್ತಿಸಬೇಕೆಂದು ಹಿರಿಯರು ಒಂದು ಕಮಿಟಿ ಮಾಡಿದ್ದರು. ಯಾದಿ ಬರೆಯುವ ಕೆಲಸ ಅವಳದು. ಶಾಲೆಯ ಬಾಯಾರು ಬರೆದರೆ ತಪ್ಪಿರುವುದಿಲ್ಲ ಎಂಬ ನಂಬಿಕೆ ಊರಿಗಿತ್ತು. ಅವಳಿಗೂ ಇತ್ತು.

ಕುರಿಗಾರರ ಸಿದರಾಯ ಕಂಬಳಿ ಕೊಡವಿ ಹೊರಗೇ ಇಟ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಡಿಸ್ಚಾರ್ಜ್ ಪುಸ್ತಕವನ್ನು ಮುಂದಿಟ್ಟ. ಹದಿನೈದು ವರ್ಷ ಸಿಪಾಯಿಯಾಗಿದ್ದು, ತಂದೆ ತೀರಿದ ಮೇಲೆ ಹಿಂಡು ನೋಡುವವರಿಲ್ಲದೆ ಊರಿಗೆ ಮರಳಿದವನು. ಅಕ್ಕುತಾಯಿ ಕನ್ನಡಕ ಏರಿಸಿ ಪುಟ ತಿರುವಿದಳು.

"ಇದರಾಗ ಎರಡ ಪದಕ ಅದಾವ ನೋಡ ಸಿದರಾಯ. ನೀ ನಾಕ ಅಂತಿ."

"ಆ ಎರಡ ಆಮ್ಯಾಲ ಬಂದಾವ್ರಿ ಬಾಯಾರ. ನಾ ಬಿಟ್ಟ ಬಂದ ಮ್ಯಾಲ ಪೋಸ್ಟಿನಾಗ ಬಂದ್ವು. ಒಂದ ಕಾರ್ಗಿಲ್ದಾಗ ಇದ್ದವರಿಗೆ, ಒಂದ ಗಾಯ ಆದವರಿಗೆ."

"ಅದಕ್ಕ ಕಾಗದ ಬೇಕಲ್ಲ?"

"ಕಾಗದ ಬರಲಿಲ್ರಿ. ಡಬ್ಬಿ ಅಷ್ಟ ಬಂತು."

ಪಕ್ಕದ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದ ಬಾಪುಸಾಹೇಬ ಜೋರಾಗಿ ನಕ್ಕ. ಅವನೂ ಸೈನ್ಯದಲ್ಲಿದ್ದವನೇ, ಸುಭೇದಾರನಾಗಿ ನಿವೃತ್ತನಾದವನು. ಎಂಟು ಎಕರೆ ದ್ರಾಕ್ಷಿ ತೋಟದ ಧಣಿ, ಕಮಿಟಿಯ ಅಧ್ಯಕ್ಷ. "ಪೋಸ್ಟಿನಾಗ ಮನಿಯಾರ್ಡರ ಬರ್ತೈತ್ಲೇ, ಪದಕ ಬರ್ತಾವೇನ? ದುಡ್ಡ ಕೊಟ್ರ ಪ್ಯಾಟ್ಯಾಗ ಬೇಕಾದ್ದ ಸಿಗ್ತಾವ."

ಅಕ್ಕುತಾಯಿ ಯಾದಿಯಲ್ಲಿ ಸಿದರಾಯನ ಹೆಸರಿನ ಮುಂದೆ ಎರಡೇ ಪದಕ ಬರೆದಳು. ಇದ್ದದ್ದನ್ನು ಇದ್ದ ಹಾಗೆ ಬರೆದೆ ಎಂಬ ಸಮಾಧಾನ ಅವಳಿಗೆ.

ಆಗಸ್ಟ್ ಹದಿನೈದರಂದು ಶಾಲೆಯ ಮೈದಾನಕ್ಕೆ ಸಿದರಾಯ ನಾಲ್ಕೂ ಪದಕ ಚುಚ್ಚಿಕೊಂಡು ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಹಳದಿ ಪಟಗಾ. ಕುರ್ಚಿಗಳ ಸಾಲಿನಲ್ಲಿ ಗುಸುಗುಸು ಎದ್ದಿತು. ಯಾರೋ "ಮಿಲಿಟರಿ ಕುರಿ ಬಂತ್ನೋಡ್ರೋ" ಎಂದರು. ಅಕ್ಕುತಾಯಿ ಎದ್ದು ಅವನ ಬಳಿಗೆ ಹೋದಳು. ಮೆಲ್ಲಗೇ ಹೇಳಬೇಕೆಂದಿದ್ದಳು, ಆದರೆ ತರಗತಿಯಲ್ಲಿ ಪಳಗಿದ ದನಿ ಮೈದಾನಕ್ಕೆಲ್ಲ ಕೇಳಿಸಿತು.

"ಸಿದರಾಯ, ಪುಸ್ತಕದಾಗ ಇಲ್ಲದ್ದ ಎದಿ ಮ್ಯಾಲ ಇರಬಾರದಪ್ಪಾ. ಸಣ್ಣ ಮಕ್ಕಳ ನೋಡಾಕತ್ತಾರ. ಆ ಎರಡ ತಗಿ."

ಅವನು ಒಂದು ಕ್ಷಣ ಅವಳ ಮುಖ ನೋಡಿದ. ಎರಡನ್ನಲ್ಲ, ನಾಲ್ಕನ್ನೂ ಬಿಚ್ಚಿದ. ಕೊನೆಯದನ್ನು ಎಳೆಯುವಾಗ ಪಿನ್ನಿಗೆ ಸಿಕ್ಕಿ ಅಂಗಿ ಹರಿಯಿತು. ಪದಕಗಳನ್ನು ಕಿಸೆಗೆ ಹಾಕಿಕೊಂಡು ಧ್ವಜ ಏರುವ ತನಕ ಸೆಟೆದು ನಿಂತಿದ್ದು, ವಂದನೆ ಸಲ್ಲಿಸಿ, ಮಕ್ಕಳಿಗೆ ಹಂಚುತ್ತಿದ್ದ ಬೂಂದಿ ಮುಟ್ಟದೆ ಹೊರಟುಹೋದ.

ದೀಪಾವಳಿಗೆ ಮುಂಚೆ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಕೋಣೆಯ ಗೋಡೆಯಿಂದ ಹಳೆಯ ಟಪಾಲಿನ ತಂತಿ ಇಳಿಯಿತು. ತುದಿ ಬಾಗಿಸಿದ ಉದ್ದನೆಯ ತಂತಿ. ಬಂದ ಕಾಗದಗಳನ್ನೆಲ್ಲ ಒಂದರ ಮೇಲೊಂದು ಅದಕ್ಕೆ ಚುಚ್ಚಿಡುವುದು ಹಿಂದಿನ ರೂಢಿ. ಸೊಸೆ ಪ್ರಾಜಕ್ತಾ ಹಿತ್ತಲಿನ ಒಲೆಯ ಮುಂದಿನಿಂದ ಕೂಗಿದಳು.

"ಅತ್ತಿ, ಆ ಹಳೀ ಕಾಗದ ಎಲ್ಲಾ ಒಲಿಗೆ ಹಾಕ್ಲೇನ್ರಿ? ನೀರ ಕಾಯಿಸಾಕರ ಆಗ್ತಾವ."

"ತಡಿ, ಒಮ್ಮಿ ನೋಡ್ತೇನಿ."

ಲೈಟಿನ ಬಿಲ್ಲು, ಮದುವೆಯ ಪತ್ರಿಕೆಗಳು, ಮಿರಜದ ಆಸ್ಪತ್ರೆಯ ಚೀಟಿಗಳು. ಅವುಗಳ ನಡುವೆ ಒಂದು ಕಂದು ಲಕೋಟೆ, ಒಡೆಯದೇ ಇದ್ದದ್ದು. ಮೇಲೆ ಸರಕಾರಿ ಮುದ್ರೆ, ಮಾಜಿ ಸಿಪಾಯಿ ಸಿದರಾಯನ ಹೆಸರು. ಅಂಚೆಯ ಠಸೆ ೨೦೦೩ರ ಮಾರ್ಚ್ ತಿಂಗಳಿನದು.

ಅಕ್ಕುತಾಯಿ ಗೋಡೆಗೆ ಒರಗಿ ಕುಳಿತಳು. ಕುರಿಗಾರರು ದೀಪಾವಳಿ ಕಳೆದು ಊರು ಬಿಟ್ಟರೆ ಮರಳುವುದು ಜೂನಿನ ಮಿರಗದ ಮಳೆಗೆ. ಆ ಏಳೆಂಟು ತಿಂಗಳು ಅವರಿಗೆ ಬರುವ ಟಪಾಲನ್ನು ಅಂಚೆಯವ ಬಾಯಾರ ಮನೆಗೆ ಕೊಡುತ್ತಿದ್ದ. ಸಹಿ ಬೇಕಾದ ಡಬ್ಬಿಯನ್ನು ಸಿದರಾಯನ ಮುದಿತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಕೊಟ್ಟಿರಬೇಕು. ಓದಲು ಬಾರದ ಮುದುಕಿಗೆ ಕಾಗದ ಕೊಟ್ಟು ಏನು ಮಾಡುವುದೆಂದು ಇದನ್ನು ಇಲ್ಲಿಗೆ ತಂದಿದ್ದ. ಆ ಬೇಸಿಗೆಯಲ್ಲಿ ಅಕ್ಕುತಾಯಿಯ ಗಂಡ ಮಿರಜದ ಆಸ್ಪತ್ರೆಯಲ್ಲಿದ್ದ. ಹಿಂಡುಗಳು ಮರಳುವ ಹೊತ್ತಿಗೆ ಅವನು ಇರಲಿಲ್ಲ. ತಂತಿಯ ಕಡೆಗೆ ಯಾರೂ ನೋಡಲಿಲ್ಲ.

"ಅತ್ತಿ, ತರ್ಲೇನ್ರಿ?" ಪ್ರಾಜಕ್ತಾ ಮತ್ತೆ ಕೂಗಿದಳು.

ಈ ಕಾಗದ ಇದೆಯೆಂದು ಜಗತ್ತಿನಲ್ಲಿ ಇನ್ನೊಬ್ಬರಿಗೆ ಗೊತ್ತಿಲ್ಲ. ಒಲೆಗೆ ಹೋದರೆ ಸಿದರಾಯ ಸುಳ್ಳನಾಗಿ ಉಳಿಯುತ್ತಾನೆ, ತಾನು ತಪ್ಪು ಬರೆಯದ ಬಾಯಾರಾಗಿ ಉಳಿಯುತ್ತೇನೆ. ಈ ವಿಚಾರ ತನ್ನ ತಲೆಯಲ್ಲಿ ಬಂತಲ್ಲ ಎಂದೇ ಅವಳಿಗೆ ಕಿವಿ ಬಿಸಿಯಾಯಿತು. ಅದಕ್ಕಿಂತ ಕಠಿಣವಾದ ಇನ್ನೊಂದು ಮಾತು ಅದರ ಹಿಂದೆಯೇ ಬಂತು. ಬಾಪುಸಾಹೇಬನ ಹೆಸರಿನ ಮುಂದೆ ಅವಳು ಮೂರು ಪದಕ ಬರೆದಿದ್ದಳು. ಅವನ ಪುಸ್ತಕವನ್ನು ಕೇಳಿಯೇ ಇರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ.

ಮರುದಿನ ಪ್ರಾಜಕ್ತಾ ಸ್ಕೂಟಿಯ ಮೇಲೆ ಅವಳನ್ನು ಊರಾಚೆಯ ಕುರಿಹಟ್ಟಿಗೆ ಬಿಟ್ಟಳು. ಹಿಂಡು ಹೊರಡುವ ತಯಾರಿ ನಡೆದಿತ್ತು. ಸಿದರಾಯನ ಹೆಂಡತಿ ಸತ್ತೆವ್ವ ಕುರಿ ತರುಬುವ ಬಲೆ ಸುತ್ತುತ್ತಿದ್ದವಳು ತಲೆಯೆತ್ತಿದಳು.

"ಬರ್ರಿ ಬಾಯಾರ. ಬಿಚ್ಚೂದ ಇನ್ನೇನರ ಉಳದೈತೇನ್ರಿ?"

"ಸುಮ್ಮಕಿರ ಬೇ," ಎಂದು ಸಿದರಾಯ ಒಂದು ಕಲ್ಲಿನ ಮೇಲೆ ಕಂಬಳಿ ಮಡಚಿ ಹಾಸಿದ. "ಕುಂಡ್ರರಿ."

ಅವಳು ಲಕೋಟೆ ಕೊಟ್ಟಳು. ಅವನು ಒಡೆದು, ಇಂಗ್ಲಿಷಿನಲ್ಲಿದ್ದುದನ್ನು ಕಂಡು ಅವಳಿಗೇ ಮರಳಿಸಿದ. "ನೀವ ಓದ್ರಿ."

ತನ್ನ ತಪ್ಪನ್ನು ತಾನೇ ಓದಿ ಹೇಳಬೇಕಾಯಿತು. ಬೇರೆ ಟಪಾಲಿನಲ್ಲಿ ಕಳಿಸಿರುವ ಎರಡು ಪದಕಗಳನ್ನು ದಾಖಲೆಯಲ್ಲಿ ನಮೂದಿಸಲು ಡಿಸ್ಚಾರ್ಜ್ ಪುಸ್ತಕವನ್ನು ಕಚೇರಿಗೆ ಕಳಿಸಬೇಕು. ಪದಕಗಳ ಹೆಸರು ಇಂಥವು.

"ಇದ ಎಲ್ಲಿತ್ರಿ ಇಷ್ಟ ದಿನ?"

"ನನ್ನ ಮನ್ಯಾಗ. ನಾನ ತಂತಿಗೆ ಚುಚ್ಚಿ ಮರತೆ. ಇಪ್ಪತ್ತೊಂದ ವರ್ಷ."

ಸಿದರಾಯ ಪಕ್ಕದ ಮರಿಯ ಉಣ್ಣೆಗೆ ಅಂಟಿದ ಮುಳ್ಳೊಂದನ್ನು ನಿಧಾನವಾಗಿ ಬಿಡಿಸಿದ. ಆಮೇಲೆ, "ಆ ವರ್ಷ ನಿಮ್ಮ ಯಜಮಾನ್ರ ತೀರಕೊಂಡ್ರಲ್ರಿ. ನನಗ ನೆನಪ ಐತಿ," ಎಂದ.

ಅವಳು ಕೇಳದೆಯೇ ಅವನು ಒಂದು ನೆಪವನ್ನು ಅವಳ ಕೈಗಿಟ್ಟಿದ್ದ. ಅದನ್ನು ತೆಗೆದುಕೊಳ್ಳಲು ಅವಳಿಂದಾಗಲಿಲ್ಲ. "ನನ್ನ ತಪ್ಪಾತಪ್ಪಾ," ಎಂದಳು.

ಸತ್ತೆವ್ವ ಬಲೆ ಕೆಳಗಿಟ್ಟಳು. "ಇವ ಬಿಟ್ಟಾನ, ನಾ ಬಿಡೂದಿಲ್ರಿ. ಊರ ಮುಂದ ಬಿಚ್ಚಿಸಿದ್ರಿ, ಕುರಿ ಮುಂದ ಬಂದ ತಪ್ಪಾತ ಅಂತೀರಿ. ಕುರಿ ಹೋಗಿ ಊರಿಗೆ ಹೇಳ್ತಾವೇನ್ರಿ?"

ಅಕ್ಕುತಾಯಿ ಎದ್ದಳು. ಹೊರಡುವಾಗ ಸಿದರಾಯ ಡಿಸ್ಚಾರ್ಜ್ ಪುಸ್ತಕವನ್ನು ತಂದು ಎರಡೂ ಕೈಯಿಂದ ಕೊಟ್ಟ. "ಇದರ ಮ್ಯಾಲ ಪಿಂಚಣಿ ಐತ್ರಿ ಬಾಯಾರ. ಜ್ವಾಕಿ." ಯಾವ ಮನೆಯಲ್ಲಿ ತನ್ನ ಕಾಗದ ಕಳೆದುಹೋಗಿತ್ತೋ ಅದೇ ಮನೆಗೆ ಅವನು ಇದನ್ನೂ ನಂಬಿ ಕೊಟ್ಟದ್ದು ಸತ್ತೆವ್ವನ ಮಾತಿಗಿಂತ ಹೆಚ್ಚು ಚುಚ್ಚಿತು.

ಅರ್ಜಿಯನ್ನು ಅವಳು ನಾಲ್ಕು ಸಲ ಬರೆದಳು. ತಡವಾದ ಕಾರಣವೆಂಬ ಕಡೆ ಪ್ರತಿ ಸಲವೂ ಪೆನ್ನು ನಿಲ್ಲುತ್ತಿತ್ತು. ಆ ಸಂಜೆ ಬಂದಿದ್ದ ಬಾಪುಸಾಹೇಬ ಓದಿ ನೋಡಿ ಹಲ್ಲು ಕಚ್ಚಿದ.

"ನಿಮ್ಮ ಹೆಸರ ಯಾಕ್ರಿ ಇದರಾಗ? ಟಪಾಲದಾಗ ಕಳೀತು ಅಂತ ಬರೀರಿ. ಆ ಅಂಚೆಯವ ಸತ್ತ ಹತ್ತ ವರ್ಷ ಆತು. ಎದ್ದ ಬಂದ ಕೇಳ್ತಾನೇನ?"

"ಕೇಳೂದಿಲ್ಲ ಅಂತನ ಬರಿಯೂದ ಸರಿ ಅಲ್ರಿ."

"ಮುಂದ ಮಾತಾಡ್ತಾರ ಮಂದಿ."

"ಅವನಿಗೆ ಆಡ್ಲಿಲ್ಲೇನ್ರಿ? ಪೋಸ್ಟಿನಾಗ ಪದಕ ಬರೂದಿಲ್ಲ ಅಂದ್ರಿ ನೀವು. ಸೈನ್ಯದಾಗ ಇದ್ದವರು, ನಿಮಗ ಗೊತ್ತಿರಲಿಲ್ಲೇನ್ರಿ?"

ಬಾಪುಸಾಹೇಬ ಮೀಸೆ ಒರೆಸಿಕೊಂಡ. "ಗೊತ್ತಿತ್ರಿ. ಹಿಂಗ, ಚಾಷ್ಟಿ ಮಾಡಿದೆ."

"ನಾ ನಿಮ್ಮ ಪುಸ್ತಕ ಕೇಳ್ಲಿಲ್ಲ. ಅವಂದ ಅಷ್ಟ ಕೇಳಿದೆ. ಅದು ಚಾಷ್ಟಿ ಅಲ್ಲ, ಮತ್ತೇನ ಅಂತ ಹೇಳಾಕ ನನಗ ನಾಚಿಕಿ ಆಗ್ತೈತಿ."

ಅವನು ಚಹಾ ಅರ್ಧಕ್ಕೆ ಬಿಟ್ಟು ಎದ್ದ. ಅರ್ಜಿ, ಆ ಹಳೆಯ ಕಾಗದ, ಪುಸ್ತಕ ಮೂರನ್ನೂ ಮರುದಿನ ರಜಿಸ್ಟರ್ ಮಾಡಿಸಲು ಅವಳೇ ಐನಾಪುರಕ್ಕೆ ಹೋದಳು. ಅಂಚೆ ಕಚೇರಿಯ ಗುಮಾಸ್ತೆ ತಾನೇ ಅಂಟು ಹಚ್ಚಿ, ಅಂಚುಗಳನ್ನು ಬೆರಳಿನಿಂದ ಒತ್ತಿಕೊಟ್ಟಳು.

ಜನವರಿ ಇಪ್ಪತ್ತಾರರ ತನಕ ಉತ್ತರ ಬರಲಿಲ್ಲ. ಹಿಂಡು ಕೃಷ್ಣೆಯ ಆಚೆ ದಂಡೆಗೆ ಹೋಗಿತ್ತು. ಆದರೂ ಅಕ್ಕುತಾಯಿ ಧ್ವಜದ ಪಕ್ಕದ ಮೈಕಿನ ಮುಂದೆ ನಿಂತಳು. ಆಗಸ್ಟಿನಲ್ಲಿ ಇದೇ ಜಾಗದಲ್ಲಿ ಸಿದರಾಯನ ಎದೆಯಿಂದ ಪದಕ ಬಿಚ್ಚಿಸಿದ್ದನ್ನು ನೆನಪಿಸಿದಳು. ಅವು ಅವನವೇ ಎಂದಳು. ದಾಖಲೆ ಮಾಡಿಸಿರೆಂದು ಬಂದ ಕಾಗದ ತನ್ನ ಮನೆಯಲ್ಲಿ ಬಿದ್ದಿತ್ತೆಂದೂ, ಉಳಿದವರ ಪುಸ್ತಕ ಕೇಳದೆ ಅವನದನ್ನು ಮಾತ್ರ ಕೇಳಿದ್ದೆನೆಂದೂ ಹೇಳಿದಳು. ಮುಂದೆ ಹೇಳಬೇಕೆಂದು ಬರೆದುಕೊಂಡಿದ್ದ ಚೀಟಿ ಕೈಯಲ್ಲೇ ಉಳಿಯಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಹೊಡೆಯದಿದ್ದದ್ದೇ ಒಳ್ಳೆಯದಾಯಿತು. ಇಳಿದು ಬರುವಾಗ ಬಾಪುಸಾಹೇಬ ಅವಳಿಗೆ ದಾರಿ ಬಿಟ್ಟು, ಯಾರಿಗೂ ಕೇಳದಂತೆ, "ನನ್ನ ಪುಸ್ತಕಾನೂ ನಾಳಿಗೆ ತರ್ತೇನ್ರಿ," ಎಂದ.

ಫೆಬ್ರುವರಿಯ ಕೊನೆಗೆ ಪುಸ್ತಕ ಅಕ್ಕುತಾಯಿಯ ಮನೆಗೆ ಮರಳಿ ಬಂತು. ಪದಕಗಳ ಪುಟದಲ್ಲಿ ಹೊಸ ಶಾಯಿಯ ಎರಡು ಸಾಲು, ಕೆಳಗೆ ಸಹಿ, ದುಂಡು ಮುದ್ರೆ. ಸಂಜೆ ಮಗ ಬಂದ ಮೇಲೆ ಗಾಡಿಯಲ್ಲಿ ಹೋಗೋಣವೆಂದು ಪ್ರಾಜಕ್ತಾ ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ಆ ಪುಸ್ತಕ ತನ್ನ ಮನೆಯಲ್ಲಿ ಒಂದು ದಿನವೂ ಉಳಿಯಬಾರದು ಎಂದಳು. ಸಿದರಾಯನಿಗೆ ಫೋನು ಮಾಡಿ ಎಲ್ಲಿದ್ದೀಯೆಂದು ಕೇಳಿ ಉಗಾರದ ಮೇಲೆ ಕುಡಚಿಗೆ ಹೋಗುವ ಬಸ್ಸು ಹತ್ತಿದಳು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿ ಸಾಗಿತು. ಕುಡಚಿಗೆ ಮೊದಲೇ, ಕಬ್ಬು ಕಡಿದ ಹೊಲದಲ್ಲಿ ಹಿಂಡು ಕಂಡಾಗ ಕಂಡಕ್ಟರ್ ನಿಲ್ದಾಣವಲ್ಲದ ಕಡೆ ಸೀಟಿ ಊದಿ, ಅವಳ ಮೊಣಕೈ ಹಿಡಿದು ಇಳಿಸಿದ.

ಸಿದರಾಯ ಪುಸ್ತಕ ಬಿಡಿಸಿ ಆ ಎರಡು ಸಾಲುಗಳ ಮೇಲೆ ಬೆರಳಿಟ್ಟ. ಮುದ್ರೆಯ ಮೇಲೂ ಇಟ್ಟ. ನಂತರ ಪಟಗಾದ ತುದಿಯಿಂದ ಮೂಗು ಒರೆಸಿಕೊಂಡು, "ಕಾರ್ಗಿಲ್ದಾಗ ಅವತ್ತ ಮೂರ ಮಂದಿ ಇದ್ವಿರಿ ಒಂದ ಬಂಡಿಗಲ್ಲಿನ ಹಿಂದ. ಇಬ್ರ ಉಳೀಲಿಲ್ಲ. ಬಿಚ್ಚು ಅಂದಾಗ ನನಗ ಅವರ ನೆನಪಾದ್ರು," ಎಂದ.

ಅಕ್ಕುತಾಯಿಗೆ ತಲೆಯೆತ್ತಲಾಗಲಿಲ್ಲ. ಅವನಿಗೆ ಅಂಥದ್ದೊಂದು ಇರಬಹುದೆಂದು ಅವಳು ಇಲ್ಲಿಯ ತನಕ ಯೋಚಿಸಿಯೇ ಇರಲಿಲ್ಲ. ಪುಸ್ತಕದ ಸಾಲುಗಳು ಸರಿಯಾದವು, ಅಷ್ಟೇ.

"ಊರಾಗ ಹೇಳೇನಪ್ಪಾ, ಎಲ್ಲಾರ ಮುಂದ," ಎಂದಳು, ನೆಲ ನೋಡುತ್ತ.

"ಗೊತ್ತೈತ್ರಿ. ನಿಮ್ಮ ಸೊಸಿ ಫೋನಿನ್ಯಾಗ ವಿಡಿಯೋ ಹಿಡದ ಕಳಿಸಿದ್ಲು." ಅವನು ಒಲೆಯ ಮುಂದೆ ಕುಳಿತ ಹೆಂಡತಿಯ ಕಡೆಗೆ ಗದ್ದ ಎತ್ತಿ ತೋರಿಸಿದ. "ಇಕಿ ನಾಕ ಸಲ ನೋಡ್ಯಾಳ."

"ಮೂರ ಸಲ," ಎಂದಳು ಸತ್ತೆವ್ವ, ತಿರುಗದೆ.

"ಆಗಸ್ಟಕ್ಕ ಹಾಕ್ಕೊಂಡ ಬರ್ತೀಯೇನಪ್ಪಾ?"

"ನೋಡೂಣ್ರಿ," ಎಂದ ಸಿದರಾಯ. ಪುಸ್ತಕವನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಂಗಿಯ ಕಿಸೆಯಲ್ಲಿ ಇಟ್ಟುಕೊಂಡು, ಪಕ್ಕದ ತೋಟದತ್ತ ಸರಿಯುತ್ತಿದ್ದ ಕುರಿಗಳ ಕಡೆಗೆ ನಡೆದ.

ಮರಳುವ ಬಸ್ಸಿಗೆ ಇನ್ನೂ ಗಂಟೆಯಿತ್ತು. ಅಕ್ಕುತಾಯಿ ಏನು ಮಾಡಬೇಕೆಂದು ತೋಚದೆ ನಿಂತೇ ಇದ್ದಳು. ಸತ್ತೆವ್ವ ಒಲೆಯ ಮುಂದಿನಿಂದ ಎದ್ದಳು. ಬಿಸಿ ಜೋಳದ ಭಕ್ಕರಿಯ ಮೇಲೆ ಕಡಲೆಹಿಟ್ಟಿನ ಝುಣಕಾ ಹಾಕಿ, ಉಳ್ಳಾಗಡ್ಡಿಯೊಂದನ್ನು ಅಂಗೈಯಿಂದ ಗುದ್ದಿ ಪಕ್ಕದಲ್ಲಿಟ್ಟು, ಅವಳ ಕೈಗೆ ಕೊಟ್ಟಳು.