ಅಮ್ಮನ ದಾಖಲೆ

ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರಗಳ ರಿಪೇರಿಯಲ್ಲಿ ಅವಳನ್ನು ಮೀರಿಸುವವರು ಊರಲ್ಲೇ ಇರಲಿಲ್ಲ. ಫೋನುಗಳು ಬಂದಾಗ ‘ಇನ್ನು ನಿನ್ನ ಅಂಗಡಿಗೆ ಬೀಗವೇ’ ಎಂದವರೇ ಈಗ ಮಕ್ಕಳ ಯಂತ್ರ ಹಿಡಿದು ಅವಳ ಬಾಗಿಲಿಗೆ ಎಡತಾಕುತ್ತಿದ್ದರು. ಬಣ್ಣದ ಪರದೆ ಬಂತು, ಜೋಡಿ ಪರದೆ ಬಂತು, ಟೀವಿಗೆ ಸಿಕ್ಕಿಸುವಂಥದ್ದೂ ಬಂತು. ಅವಳ ಅಮ್ಮನ ಬೂದು ಬಣ್ಣದ ಆಟದ ಡಬ್ಬಿ ಮಾತ್ರ ನಾಲ್ಕು ಸೆಲ್ಲು ತಿಂದುಕೊಂಡು ಮೂವತ್ತು ವರ್ಷದಿಂದ ಗುಂಡುಕಲ್ಲಿನಂತೆ ಇತ್ತು.

ಅದರಲ್ಲಿ ಇದ್ದದ್ದು ಇಟ್ಟಿಗೆ ಜೋಡಿಸುವ ಒಂದೇ ಆಟ. ಹನ್ನೊಂದು ವರ್ಷದ ಹಿಂದೆ ಅಮ್ಮ ಅದರಲ್ಲಿ ದಾಖಲೆ ಮಾಡಿದ್ದಳು. ಅಂದಿನಿಂದ ಅಮ್ಮನ ತಂಗಿ ಪ್ರತಿ ಭಾನುವಾರ ಅಂಗಡಿಗೆ ಬಂದು, ಆಡಿ, ಸೋತು, ಗೊಣಗುತ್ತ ಹೋಗುತ್ತಿದ್ದಳು.

ದಾಖಲೆಯನ್ನು ಉಳಿಸುವುದು ಡಬ್ಬಿಯ ಬೆನ್ನಿಗೆ ಸಿಕ್ಕಿಸುವ ಆಟದ ಕಾರ್ಟ್ರಿಜ್‌ನೊಳಗಿನ ಒಂದು ಪುಟ್ಟ ಬಟನ್ ಸೆಲ್ಲು. ಅದು ಸಾಯುವ ಮುಂಚೆ ಬದಲಿಸಬೇಕು. ಹಳೆಯದನ್ನು ಕೀಳುವ ಮುಂಚೆ ಬೇರೆ ಕಡೆಯಿಂದ ಕರೆಂಟು ಕೊಟ್ಟಿರಬೇಕು. ಗಿರಾಕಿಗಳಿಗೆಲ್ಲ ಇದನ್ನು ಪಾಠದಂತೆ ಒಪ್ಪಿಸುವವಳು ಆ ಭಾನುವಾರ ಅಮ್ಮನ ಜೊತೆ ಹರಟುತ್ತ ಸೆಲ್ಲನ್ನು ಸೀದಾ ಕಿತ್ತುಬಿಟ್ಟಳು. ನೀರು ಕುಡಿದಷ್ಟು ಸಲೀಸಿನ ಕೆಲಸ ಎಂಬ ಜಂಬ! ಹೊಸದನ್ನು ಬೆಸೆದು ಆನ್ ಮಾಡಿದರೆ ದಾಖಲೆಯ ಜಾಗದಲ್ಲಿ ಸೊನ್ನೆ.

ಸೆಲ್ಲಿನ ಮೇಲೆ ತಪ್ಪು ಹೊರಿಸಬಹುದಿತ್ತು, ಹೊರಿಸಲಿಲ್ಲ.

“ಅಮ್ಮಾ, ನಿನ್ನ ದಾಖಲೆ ಹೋಯ್ತು. ನಾನೇ ಅಳಿಸಿಬಿಟ್ಟೆ.”

ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. “ಊರಿಗೆಲ್ಲಾ ಬುದ್ಧಿ ಹೇಳ್ತೀಯಲ್ಲೇ! ಈಗ ನಿನ್ನ ಚಿಕ್ಕಮ್ಮ ಬರ್ತಾಳೆ. ನಾನು ಬಾಯಲ್ಲಿ ಹೇಳಿದ್ರೆ ನಂಬ್ತಾಳಾ?”

ಅಮ್ಮನ ದನಿ ನಡುಗಿದ್ದು ಕೇಳಿ ಮಗಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಚಿಕ್ಕಮ್ಮ ಬಂದೇಬಿಟ್ಟಳು. ಕೂತವಳೇ ಡಬ್ಬಿ ಎತ್ತಿಕೊಂಡು ಆಡಿದಳು. ಆಟ ಮುಗಿದಾಗ ಪರದೆಯ ತುದಿಯಲ್ಲಿ ಅವಳ ಅಂಕವೇ ಮಿನುಗಿತು: ಹೊಸ ದಾಖಲೆ! ಮಗಳೇ ನಡೆದದ್ದನ್ನೆಲ್ಲ ಹೇಳಿದಳು. “ಬೇಕಾದ್ರೆ ನಂಬು, ಬಿಟ್ರೆ ಬಿಡು ಚಿಕ್ಕಮ್ಮ. ಅಮ್ಮಂದು ಇದಕ್ಕಿಂತ ಜಾಸ್ತಿ ಇತ್ತು.”

“ನೀನೇನೇ ನನಗೆ ಹೇಳೋದು?” ಚಿಕ್ಕಮ್ಮ ಕಣ್ಣು ಕೆಂಪಗೆ ಮಾಡಿದಳು. “ಎರಡು ಲಕ್ಷದ ಹದಿನೆಂಟು ಸಾವಿರದ ನಾನೂರ ಅರವತ್ತು. ಹನ್ನೊಂದು ವರ್ಷದಿಂದ ಆ ಅಂಕೆಗೆ ಶಾಪ ಹಾಕ್ತಿದ್ದೀನಿ, ಮರೀತೀನಾ?”

ಅವಳು ಅಮ್ಮನತ್ತ ತಿರುಗಿದಳು. “ಅದನ್ನ ದಾಟೋವರೆಗೂ ಗೆದ್ದೋಳು ನೀನೇ ಅಕ್ಕಾ. ಸ್ವಲ್ಪ ಜರುಗು, ಇನ್ನೊಂದಾಟ ಆಡ್ತೀನಿ.”