ವರದಿಗಾರ್ತಿ ಬಿಟ್ಟ ಸಾಲು

ನಮ್ಮ ಮನೆಯಲ್ಲಿ ಇಬ್ಬರು ವರದಿಗಾರರು. ಒಬ್ಬಳು ನಾನು. ಪತ್ರಿಕೆಯವಳಲ್ಲ, ಸಂಸತ್ತಿನಲ್ಲಿ ಯಾರು ಏನು ಮಾತಾಡಿದರೂ ಅಕ್ಷರ ಬಿಡದೆ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ಇನ್ನೊಬ್ಬರು ನನ್ನಪ್ಪ. ಅದೇ ಮೇಜಿನಲ್ಲಿ ಮೂವತ್ತೆರಡು ವರ್ಷ ಬರೆದು ನಿವೃತ್ತರಾದವರು. ಎಂಬತ್ನಾಲ್ಕನೆಯ ವಯಸ್ಸಿನಲ್ಲಿ, ಸೊಂಟ ಮುರಿದುಕೊಂಡು ಗಾಲಿಕುರ್ಚಿ ಹಿಡಿದ ಮೇಲೂ, ಅಧಿವೇಶನ ಇದ್ದ ದಿನ ರೇಡಿಯೋ ಪಕ್ಕ ಕೂತು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಾರೆ. ಮರುದಿನ ನಾನು ತರುವ ಅಚ್ಚಾದ ನಡಾವಳಿಯನ್ನು ಕೆಂಪು ಪೆನ್ಸಿಲ್ ಹಿಡಿದು ಓದುತ್ತಾರೆ. ಇಪ್ಪತ್ತಾರು ವರ್ಷದಲ್ಲಿ ನನ್ನ ಒಂದು ಪುಟವೂ ಅವರ ಕೈಯಿಂದ ಕೆಂಪಾಗದೆ ಹೊರಬಂದಿಲ್ಲ. ನನಗೀಗ ಐವತ್ತೊಂದು. ಇನ್ನೂ ಹೋಂವರ್ಕ್ ತಿದ್ದಿಸಿಕೊಳ್ಳುತ್ತಿದ್ದೇನೆ.

ಅಂಥ ಅಪ್ಪನನ್ನು ಅಂಕೆಯಲ್ಲಿಟ್ಟವಳು ಒಬ್ಬಳೇ. ಸರ್ಕಾರದ ಮನೆ-ಸಹಾಯ ಯೋಜನೆಯಿಂದ ಬೆಳಿಗ್ಗೆ ಬಂದು ಸಂಜೆ ಹೋಗುವ ಹೆಂಗಸು. ಸ್ನಾನ, ಊಟ, ಮಾತ್ರೆ, ಕಾಲಿನ ವ್ಯಾಯಾಮ ಎಲ್ಲ ಅವಳ ಅಪ್ಪಣೆ. ಅಪ್ಪ ಹಟ ಹಿಡಿದರೆ ಔಷಧಿ ಚಮಚದಿಂದ ಲೋಟವನ್ನು ಎರಡು ಸಲ ಕುಟ್ಟುತ್ತಾಳೆ, ಅಪ್ಪ ಬಾಯಿ ಮುಚ್ಚುತ್ತಾರೆ. ಅದಕ್ಕೇ ಅವರು ಇಟ್ಟ ಹೆಸರು ಸ್ಪೀಕರಮ್ಮ. ಐದು ವರ್ಷದ ಹಿಂದೆ ಕೈ ಹಿಡಿದು ಕೂರಿಸಿದ್ದವಳು, ಈಗ ಕಿವಿ ಹಿಡಿದು ಕೂರಿಸುತ್ತಾಳೆ. ನನಗೆ ತಂಗಿ ಇಲ್ಲ. ಇದ್ದಿದ್ದರೆ ಇಷ್ಟು ಜಗಳ ಅವಳ ಜೊತೆಯೂ ಆಡುತ್ತಿದ್ದೆ.

ಈ ಸಲದ ಬಜೆಟ್‌ನಲ್ಲಿ ಆ ಯೋಜನೆಯನ್ನೇ ಕೈಬಿಡುವ ಪ್ರಸ್ತಾವ ಬಂತು. ತೆರಿಗೆ ಇಳಿಸಬೇಕಂತೆ, ಇಳಿಸಲು ಎಲ್ಲಿಂದಲಾದರೂ ಕಡಿಯಬೇಕಂತೆ. ಸ್ಪೀಕರಮ್ಮ ಬರದಿದ್ದರೆ ನಮಗಿದ್ದದ್ದು ಎರಡೇ ದಾರಿ. ನಾನು ಕೆಲಸ ಬಿಡಬೇಕು, ಇಲ್ಲ ಅಪ್ಪ ವೃದ್ಧಾಶ್ರಮಕ್ಕೆ ಹೋಗಬೇಕು. ನಾವು ಅದನ್ನು ಮಾತಾಡಲಿಲ್ಲ. ಬಜೆಟ್ ಮಂಡನೆಯಾದ ಮರುದಿನ ಅಪ್ಪ ಮಾತ್ರ, ಏನೋ ನೆನಪಾದವರ ಹಾಗೆ, "ಆ ಕಂದು ಸೂಟ್‌ಕೇಸ್ ಇನ್ನೂ ಇದೆಯೇನೇ?" ಎಂದು ಕೇಳಿದರು. ಇಲ್ಲ ಎಂದೆ. ಅದು ನನ್ನ ಮಂಚದ ಕೆಳಗೇ ಇತ್ತು.

ಚರ್ಚೆಯ ಮೂರನೆಯ ದಿನ ಮಧ್ಯಾಹ್ನ ನನ್ನ ಪಾಳಿ. ನಮ್ಮದು ಐದೈದು ನಿಮಿಷದ ಪಾಳಿ. ಒಬ್ಬರು ಸಭೆಯ ನಡುವಿನ ಮೇಜಿನಲ್ಲಿ ಬರೆಯುತ್ತಾರೆ, ಮುಂದಿನವರು ಬಂದು ಕೂತ ಕೂಡಲೇ ಎದ್ದು ಒಳಗೆ ಹೋಗಿ ಟೈಪ್ ಮಾಡುತ್ತಾರೆ. ಅಪ್ಪ ಕಲಿಸಿದ ಮೊದಲ ನಿಯಮ, ತಲೆ ಎತ್ತಬಾರದು. ಮುಖ ನೋಡಿದರೆ ಕೇಳಿದ್ದನ್ನು ಬಿಟ್ಟು ಅನಿಸಿದ್ದನ್ನು ಬರೆಯುತ್ತೇವೆ ಎಂಬುದು ಅವರ ವಾದ. ಹಾಗಾಗಿ ಹತ್ತಾರು ಮಂತ್ರಿಗಳು ನನಗೆ ಧ್ವನಿಯಿಂದ ಗೊತ್ತು, ಬೂಟಿನಿಂದ ಗೊತ್ತು, ಮುಖದಿಂದ ಅಷ್ಟಾಗಿ ಗೊತ್ತಿಲ್ಲ.

ಹಣಕಾಸು ಮಂತ್ರಿಗಳು ಉತ್ತರ ಕೊಡುತ್ತಿದ್ದರು. ಸಣ್ಣ ಅಂಗಡಿಗಳ ತೆರಿಗೆಯ ಬಗ್ಗೆ ಕೇಳಿದರೆ ಪರಿಶೀಲನೆ, ಶಾಲೆಗಳ ಬಗ್ಗೆ ಕೇಳಿದರೆ ಸಮಿತಿ, ಎಲ್ಲವೂ ಅಡ್ಡಗೋಡೆಯ ಮೇಲೆ ದೀಪ. ನನ್ನ ಕೈ ತನ್ನ ಪಾಡಿಗೆ ಬರೆಯುತ್ತಿತ್ತು. ಮಂತ್ರಿಗಳು ಉತ್ತರ ಮುಗಿಸಿ, ಮೈಕಿನ ಗುಂಡಿ ಒತ್ತಿ ಆರಿಸಿ ಕೂತರು. ಅಷ್ಟರಲ್ಲಿ ಎದುರು ಸಾಲಿನಿಂದ, ಮೊದಲು ಬಸ್ ಓಡಿಸುತ್ತಿದ್ದ ಸದಸ್ಯರೊಬ್ಬರು ಎದ್ದರು.

"ಸ್ವಾಮಿ, ನಾನು ಇಪ್ಪತ್ತು ವರ್ಷ ಬಸ್ ಓಡಿಸಿದೀನಿ. ಟಿಕೆಟ್ ದರ ಇಳಿಸಿದೀವಿ ಅಂತ ಬೋರ್ಡ್ ಹಾಕಿ, ವಯಸ್ಸಾದವರು ಹತ್ತೋ ಸ್ಟಾಪ್‌ನಲ್ಲಿ ನಿಲ್ಲಿಸ್ದೇ ಹೋದ್ರೆ ಅದನ್ನ ಉಳಿತಾಯ ಅಂತಾರಾ? ಮನೆಗೆ ಬರೋ ಸಹಾಯಕಿಯರನ್ನ ನಿಲ್ಲಿಸ್ತೀರೋ ಇಲ್ವೋ, ಅದೊಂದು ಹೇಳಿ ಸಾಕು."

ಎರಡೂ ಕಡೆ ಗದ್ದಲ ಎದ್ದಿತು. ಕೆಲವರು ಮೇಜು ತಟ್ಟಿದರು, ಕೆಲವರು ಕೂತ್ಕೊಳ್ಳಿ ಎಂದು ಕಿರುಚಿದರು. ಮಂತ್ರಿಗಳ ಬೂಟು ಸರಿಯಿತು, ಅವರು ಎದ್ದರು. ಆಗ ನಾನು ತಲೆ ಎತ್ತಿದೆ.

ನಿದ್ದೆಗೆಟ್ಟ ಮುಖ, ಮೂಗಿನ ಮೇಲೆ ಜಾರಿದ ಕನ್ನಡಕ. ಮೈಕ್ ಹಾಕುವುದನ್ನೂ ಮರೆತು, ಬಸ್ಸಿನ ಸದಸ್ಯರನ್ನೇ ನೋಡುತ್ತಾ ಅವರು ಹೇಳಿದರು, "ಯಾರ ಮನೆ ಸಹಾಯಕಿಯನ್ನೂ ನಿಲ್ಲಿಸೋದಿಲ್ಲ."

ಕೇಳಿ ನನ್ನ ಜೀವ ಹಗುರಾಯಿತು. ಮಗಳಾಗಿ ಕೇಳಿಸಿಕೊಂಡೆ. ಪಾಳಿ ಬದಲಾಗಿ ಎದ್ದಾಗಲೇ ನನ್ನ ಟಿಪ್ಪಣಿ ಪುಸ್ತಕ ನೋಡಿದ್ದು. ಬಸ್ಸಿನ ಸದಸ್ಯರ ಮಾತಿದೆ, ಗದ್ದಲ ಎಂಬ ಗುರುತಿದೆ, ಆಮೇಲೆ ಬಿಳಿ ಕಾಗದ. ಪೆನ್ನು ನಿಂತಿತ್ತು.

ಒಳಗೆ ಬಂದು ಕೂತೆ. ಎದ್ದು ನಿಂತು ಆಡಿದ ಮಾತೆಲ್ಲ ನಡಾವಳಿಗೆ ಸೇರಬೇಕು. ಮೈಕ್ ಇಲ್ಲದ್ದರಿಂದ ಧ್ವನಿಮುದ್ರಣದಲ್ಲಿ ಬರೀ ಗಲಾಟೆ. ಎದುರು ಸಾಲಿನವರಿಗೂ, ಮೇಲಿನ ಗ್ಯಾಲರಿಯಲ್ಲಿದ್ದ ಪತ್ರಿಕೆಯವರಿಗೂ ಕೇಳಿಸಿರಲಾರದು. ನನ್ನ ಮೇಜು ಮಂತ್ರಿಗಳಿಂದ ಮೂರೇ ಹೆಜ್ಜೆ ದೂರ. ಆ ಮಾತು ಉಳಿಯಬೇಕಾದರೆ ನನ್ನ ಪುಸ್ತಕದಲ್ಲಿ ಮಾತ್ರ ಉಳಿಯಬೇಕಿತ್ತು. ಈಗಲೂ ಶೀಘ್ರಲಿಪಿಯ ನಾಲ್ಕು ಗೆರೆ ಎಳೆದರೆ ಆಯಿತು. ಸುಳ್ಳೇನೂ ಅಲ್ಲವಲ್ಲ, ಅವರು ಹೇಳಿದ್ದೇ.

ಆದರೆ ನಿಯಮ ಬೇರೆ. ಬರೆಯುವಾಗ ಬಿಟ್ಟುಹೋದದ್ದನ್ನು ನೆನಪಿನಿಂದ ತುಂಬಬಾರದು. ಆರು ಗಂಟೆಯೊಳಗೆ ಆ ಮಾತಾಡಿದವರ ಬಳಿಗೇ ಹೋಗಿ, ಬಿಟ್ಟಿದ್ದೇನೆ ಎಂದು ಒಪ್ಪಿಕೊಂಡು, ಏನು ಹೇಳಿದಿರಿ ಎಂದು ಕೇಳಬೇಕು. ಅಂದರೆ ಮಂತ್ರಿಗಳಿಗೆ, ನಿಮ್ಮ ಮಾತಿಗೆ ಸಾಕ್ಷಿ ಇಲ್ಲ, ಬೇಕಾದರೆ ನುಂಗಿಬಿಡಿ ಎಂದು ನಾನೇ ಹೇಳಿದ ಹಾಗೆ.

ಮನೆಗೆ ಫೋನ್ ಮಾಡಿದೆ. ಸ್ಪೀಕರಮ್ಮ ಎತ್ತಿದಳು. "ತಾತ ಬೆಳಿಗ್ಗೆಯಿಂದ ರೇಡಿಯೋಗೇ ಅಂಟ್ಕೊಂಡಿದಾರೆ ಅಕ್ಕ. ವ್ಯಾಯಾಮಾನೂ ಮಾಡಿಲ್ಲ, ನೀವೇ ಸ್ವಲ್ಪ ಬೈರಿ," ಎಂದು ಫೋನ್ ಅಪ್ಪನ ಕೈಗೆ ಕೊಟ್ಟಳು.

"ಅಪ್ಪ, ಒಂದು ಸಾಲು ಬಿಟ್ಟೆ."

ಅಪ್ಪ ರೇಡಿಯೋ ಸದ್ದು ತಗ್ಗಿಸಿದರು. "ಬಸ್ಸಿನವನಾದ ಮೇಲೆ ತಾನೆ? ನನಗೂ ಬರೀ ಗಲಾಟೆ ಕೇಳಿಸ್ತು. ಹೋಗಿ ಕೇಳು."

"ಅಪ್ಪ, ಅದು ಎಂಥಾ ಮಾತು ಅಂತ ನಿನಗೆ ಗೊತ್ತಿಲ್ಲ."

"ಗೊತ್ತಾಗೋದೂ ಬೇಡ. ಗೊತ್ತಾದ್ರೆ ನಾನು ಬೇರೆ ಥರ ಹೇಳಿಬಿಡ್ತೀನೇನೋ. ಹೋಗಿ ಕೇಳಮ್ಮ."

ಅವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಈ ಮನುಷ್ಯನಿಗಾಗಿಯೇ ನಿಯಮ ಮುರಿದು ಬರೆಯಲು ಹೊರಟಿದ್ದೆ, ಬರೆಯಬೇಡ ಎನ್ನುವವರೂ ಇವರೇ. ಫೋನ್ ಇಟ್ಟು, ಪುಸ್ತಕ ಎತ್ತಿಕೊಂಡು ಮಂತ್ರಿಗಳ ಕೋಣೆಗೆ ನಡೆದೆ.

ಮಂತ್ರಿಗಳು ಬೂಟು ಬಿಚ್ಚಿಟ್ಟು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದರು. ಒಂದು ಕಾಲುಚೀಲದಲ್ಲಿ ತೂತಿತ್ತು. ನಾನು ವಿಷಯ ಹೇಳುತ್ತಿದ್ದಂತೆ ಅವರ ಕಾರ್ಯದರ್ಶಿಯ ಕಿವಿ ನೆಟ್ಟಗಾಯಿತು.

"ಪರಿಶೀಲಿಸ್ತೀವಿ ಅಂದ್ರು ಸಾಹೇಬ್ರು. ಹಾಗೇ ಬರ್ಕೊಳ್ಳಿ," ಎಂದ.

"ನಾನು ಕೇಳ್ತಿರೋದು ಮಾತಾಡಿದವರನ್ನ," ಎಂದೆ. ನನ್ನ ಧ್ವನಿ ಬೇಕಾದ್ದಕ್ಕಿಂತ ಖಾರವಾಗಿತ್ತು.

ಮಂತ್ರಿಗಳು ಕನ್ನಡಕ ಮೇಲೆ ತಳ್ಳಿದರು. "ನೀವು ಸಾಲು ಬಿಟ್ಟಿದ್ದನ್ನ ನಾನು ಯಾವತ್ತೂ ಕಂಡಿಲ್ಲ. ಯಾಕೆ ಹೀಗಾಯ್ತು?"

"ನಮ್ಮಪ್ಪನಿಗೆ ಸಹಾಯಕಿ ಬರ್ತಾಳೆ ಸರ್, ಅದೇ ಯೋಜನೆಯಿಂದ. ನಿಮ್ಮ ಮಾತು ಕೇಳ್ತಾ ಬರೆಯೋದು ಮರ್ತೆ."

"ಹಾಗಾದ್ರೆ ನೀವು ಕೇಳಿಸ್ಕೊಂಡಿದೀರಿ."

"ಕೇಳಿಸ್ಕೊಂಡಿದೀನಿ."

"ಏನಂದೆ ಹೇಳಿ ನೋಡೋಣ."

"ಅದನ್ನ ನಾನು ಹೇಳೋ ಹಾಗಿಲ್ಲ ಸರ್. ನೀವೇ ಹೇಳ್ಬೇಕು."

ಬಿಸ್ಕತ್ತು ಚಹಾದಲ್ಲಿ ಕರಗಿ ಮುಳುಗಿತು. ಅವರು ಅದನ್ನೇ ನೋಡುತ್ತಾ ಕೂತರು. ಕಾರ್ಯದರ್ಶಿ ಏನೋ ಹೇಳಲು ಬಾಯಿ ತೆರೆದ. ಮಂತ್ರಿಗಳು ನೋಡದೆಯೇ ಕೈ ಎತ್ತಿ ತಡೆದರು. ಪುಸ್ತಕ ಕೇಳಿ ತೆಗೆದುಕೊಂಡು, ಖಾಲಿ ಜಾಗದಲ್ಲಿ ತಾವೇ ಬರೆದು ಸಹಿ ಹಾಕಿದರು. ನಾನು ಹೊರಗೆ ಬಂದು ಮೆಟ್ಟಿಲ ಹತ್ತಿರ ನಿಂತು ಓದಿದೆ. "ಈ ವರ್ಷ ಯಾರ ಮನೆಯ ಸಹಾಯಕಿಯನ್ನೂ ನಿಲ್ಲಿಸುವುದಿಲ್ಲ."

ಈ ವರ್ಷ ಎಂದು ಅವರು ಸಭೆಯಲ್ಲಿ ಹೇಳಿರಲಿಲ್ಲ. ಅಷ್ಟು ದೊಡ್ಡ ಮಾತನ್ನು ಪೂರ್ತಿ ನುಂಗದೆ, ತುದಿ ಮಾತ್ರ ಕಚ್ಚಿದ್ದರು. ನನ್ನ ಪೆನ್ನು ನಿಂತದ್ದಕ್ಕೆ ತೆತ್ತದ್ದು ಆ ಎರಡು ಪದ. ಅವರು ಬರೆದ ಹಾಗೇ ಟೈಪ್ ಮಾಡಿದೆ. ಕಣ್ಣು ಮಂಜಾಗಿತ್ತು, ಎರಡು ಸಲ ತಪ್ಪು ಗುಂಡಿ ಒತ್ತಿದೆ.

ಮರುದಿನ ಬೆಳಿಗ್ಗೆ ಕಚೇರಿಗೆ ಹೋಗಿ ಅಚ್ಚಾದ ನಡಾವಳಿ ತಂದು ಅಪ್ಪನ ಹಲಗೆಯ ಮೇಲಿಟ್ಟೆ. ಸ್ಪೀಕರಮ್ಮ ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಅಪ್ಪ ನನ್ನ ಪುಟ ತೆಗೆದು, ಬೆರಳಿಟ್ಟು ಸಾಲು ಸಾಲಾಗಿ ಇಳಿದು, ಮಂತ್ರಿಗಳ ಆ ಸಾಲಿಗೆ ಬಂದು ಬೆರಳು ನಿಲ್ಲಿಸಿದರು.

"ನಿಲ್ಲಿಸಲ್ವಂತೆ ಕಣೇ," ಎಂದು ಸ್ಪೀಕರಮ್ಮನಿಗೆ ಹೇಳಿದರು. ಅವಳ ಕೈ ಅವರ ಮೊಣಕಾಲ ಮೇಲೆ ಹಾಗೇ ಉಳಿಯಿತು. ಆಮೇಲೆ ಅವರು ನನ್ನ ಕಡೆ ತಿರುಗಿದರು. "ಈ ವರ್ಷ ಅನ್ನೋದು ಅವನ ಮಾತಲ್ಲ. ಗಲಾಟೆ ಮಧ್ಯೆ ಎದ್ದು ನಿಂತವನು ಹಾಗೆ ಅಳತೆ ಮಾಡಿ ಮಾತಾಡಲ್ಲ. ಆಮೇಲೆ ಸೇರಿಸಿದಾನೆ."

ಅವರು ಕೆಂಪು ಪೆನ್ಸಿಲ್ ಎತ್ತಿಕೊಂಡು, ಆ ಎರಡು ಪದಗಳ ಮೇಲೆ ಹಿಡಿದು, ನನ್ನ ಮುಖ ನೋಡಿದರು.

"ಕೇಳಿದ್ಯಾ ಅವನನ್ನ?"

"ಕೇಳಿದೆ ಅಪ್ಪ."

"ಎಂಥಾ ಮಾತು ಅಂತ ಗೊತ್ತಿದ್ದೂ ಕೇಳಿದ್ಯಾ?"

"ನೀನೇ ತಾನೆ ಹೋಗು ಅಂದಿದ್ದು."

ಅವರು ಪೆನ್ಸಿಲ್ ಕೆಳಗಿಟ್ಟರು. ಜೇಬಿನಿಂದ ತಮ್ಮ ಹಳೆಯ ಪೆನ್ನು ತೆಗೆದು, ಕೆಲಸದಲ್ಲಿದ್ದಾಗ ಪುಟ ಪಾಸು ಮಾಡುತ್ತಿದ್ದ ಹಾಗೆ, ಮೂಲೆಯಲ್ಲಿ ಸಣ್ಣದಾಗಿ ರುಜು ಹಾಕಿದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ಅತ್ತು, ಮುಖ ತೊಳೆದುಕೊಂಡು ಬಂದೆ.

"ಒಂದು ವರ್ಷ ಅಂದ್ರೆ ಕಡಿಮೆಯೇನಲ್ಲ," ಅಪ್ಪ ಹೇಳುತ್ತಿದ್ದರು. "ಮುಂದಿನ ಬಜೆಟ್‌ಗೆ ಮತ್ತೆ ಕೇಳಿದ್ರಾಯ್ತು. ಅಲ್ಲೀವರೆಗೆ ನಾನಿರಬೇಕಲ್ಲ."

ಸ್ಪೀಕರಮ್ಮ ಚಮಚದಿಂದ ಲೋಟವನ್ನು ಎರಡು ಸಲ ಕುಟ್ಟಿದಳು. "ಇರ್ತೀರಿ. ನಿನ್ನೆ ವ್ಯಾಯಾಮ ಬಾಕಿ ಇದೆ. ಬಲಗಾಲು ಎತ್ತಿ ತಾತ."

ಅಪ್ಪ ಎತ್ತಿದರು.