ಆಟದಲ್ಲಿ ಜಾರಿದ ಪೇಟ

ರಾಜಿ ಪತ್ರ ಒಂದೇ ಪುಟದ್ದು. ಶಾಲೆಯ ವಕೀಲರು ಅದನ್ನು ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟು, ಮದುವೆಗೆ ಕರೆಯಲು ಬಂದವರ ಹಾಗೆ ನಗುತ್ತಾ ಮುಂದೆ ತಳ್ಳಿದರು. 'ಆಟವಾಡುವಾಗ ವಿದ್ಯಾರ್ಥಿನಿಯ ಪೇಟ ಜಾರಿತು. ಯಾರದೂ ತಪ್ಪಿಲ್ಲ. ದೂರು ಹಿಂತೆಗೆದುಕೊಂಡಿದ್ದೇವೆ.' ಕೆಳಗೆ ಸಹಿಗೆ ತಾಯಿಗೊಂದು ಗೆರೆ, ಮಗಳಿಗೊಂದು ಗೆರೆ.

ಜಾರಿತಂತೆ! ಒಂದೇ ತಿಂಗಳಲ್ಲಿ ಮೂರು ಸಲ ಜಾರಿದ ಪೇಟ, ಮೂರನೆಯ ಸಲ ತಾನಾಗಿಯೇ ನಡೆದುಕೊಂಡು ಹೋಗಿ ಹುಡುಗಿಯರ ಶೌಚಾಲಯದ ಕಸದ ಬುಟ್ಟಿಯಲ್ಲಿ ಕೂತಿತ್ತು.

ತಾಯಿ ಕೋರ್ಟಿನಲ್ಲಿ ಸ್ಟೆನೋ. ಸಾಕ್ಷಿಗಳು ಆಡಿದ್ದನ್ನು ಆಡಿದ ಹಾಗೇ ಬರೆದುಕೊಳ್ಳುವುದು ಹತ್ತೊಂಬತ್ತು ವರ್ಷದ ಕೆಲಸ. ಇವತ್ತು ಅರ್ಧ ದಿನ ರಜೆ ಹಾಕಿದ್ದಳು. ಕೈ ಮಾತ್ರ ರಜೆ ಹಾಕಿರಲಿಲ್ಲ. ಬ್ಯಾಗಿನಿಂದ ಶಾರ್ಟ್‌ಹ್ಯಾಂಡ್ ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಹೆಡ್‌ಮಾಸ್ಟರ ಭಯ ಅವಳಿಗಿರಲಿಲ್ಲ, ವಕೀಲರದಂತೂ ಮೊದಲೇ ಇಲ್ಲ. ಭಯವಿದ್ದದ್ದು ಪಕ್ಕದಲ್ಲಿ ಕೂತ ಹದಿಮೂರರ ಮಗಳು ಗುಬ್ಬಿಯದು. ಯಾರು ಮಾಡಿದ್ದು ಎಂದು ಕೇಳಿದರೆ ವಾರದಿಂದ ಗೋಡೆ ನೋಡುತ್ತಿದ್ದಳು. ಬೆಳಿಗ್ಗೆ ಬಸ್ಸಿನಲ್ಲಿ, "ಸೈನ್ ಹಾಕಿಬಿಡೋಣ ಅಮ್ಮ, ಸಾಕು" ಅಂದಿದ್ದಳು. ಹಾಕಿದರೆ ಇವಳು ಜನ್ಮದಲ್ಲಿ ಮತ್ತೆ ಪೇಟ ಕಟ್ಟುವುದಿಲ್ಲ ಎಂದು ತಾಯಿಗೆ ಗೊತ್ತಿತ್ತು.

"ಮಕ್ಕಳು ಮೇಡಂ," ಹೆಡ್‌ಮಾಸ್ಟರು ಬೆಣ್ಣೆ ಸವರಿದರು. "ನೀವು ಸಿಖ್ಖರು, ನಮಗೆ ಗೌರವ ಇದೆ. ಆದ್ರೆ ಪರೀಕ್ಷೆ ಮುಗಿಯೋವರೆಗೂ ಇದನ್ನ ಕಟ್ಟದಿದ್ರೆ ಗಲಾಟೆನೇ ಇರಲ್ಲ ನೋಡಿ."

ಪೆನ್ಸಿಲು ಸರಸರ ಓಡಿತು.

"ಏನ್ ಬರೀತಿದ್ದೀರಿ?"

"ನೀವು ಹೇಳಿದ್ದು." ಕೋರ್ಟಿನ ದನಿಯಲ್ಲಿ, ಒಂದಕ್ಷರ ಬಿಡದೆ, ಕೊನೆಯ 'ನೋಡಿ'ಯನ್ನೂ ಸೇರಿಸಿ ಓದಿದಳು. "ಸರಿ ಇದ್ರೆ ಕೆಳಗೆ ಸೈನ್ ಹಾಕಿ ಸರ್. ಶಿಕ್ಷಣ ಇಲಾಖೆಗೆ ಕೊಟ್ಟಿರೋ ದೂರಿನ ಜೊತೆ ಲಗತ್ತಿಸ್ತೀನಿ."

ಹೆಡ್‌ಮಾಸ್ಟರ ಮುಖ ಇಂಗು ತಿಂದ ಮಂಗನ ಹಾಗಾಯಿತು. ವಕೀಲರು ಕೆಮ್ಮಿದರು. "ಆ ಸಾಲು ಹೊಡೆದುಹಾಕಿ ಅಮ್ಮಾ."

"ಹೊಡೆದುಹಾಕು ಅನ್ನೋಕೆ ಜಡ್ಜ್ ಇದ್ದಾರೆ. ನೀವಲ್ಲ."

"ಅಲ್ಲ, ಹುಡುಗಿನೇ ಯಾರ ಹೆಸರೂ ಹೇಳ್ತಿಲ್ಲವಲ್ಲ!" ವಕೀಲರು ಪೆನ್ನನ್ನು ಗುಬ್ಬಿಯತ್ತ ಚಾಚಿದರು. "ಹಾಕು ಪುಟ್ಟಿ, ಅಮ್ಮನಿಗೂ ಕೆಲಸ ಇರುತ್ತೆ."

ಗುಬ್ಬಿ ಪೆನ್ನು ತೆಗೆದುಕೊಂಡಳು. 'ಬೇಡ' ಎಂಬ ಮಾತು ತಾಯಿಯ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಸಾಕ್ಷಿಗೆ ಹೇಳಿಕೊಡಬಾರದು.

ಹುಡುಗಿ ಪತ್ರವನ್ನು ನಿಧಾನವಾಗಿ ಓದಿದಳು. ಆಮೇಲೆ ಪೆನ್ನನ್ನು ಅದರ ಮೇಲಿಟ್ಟು, ಎರಡನ್ನೂ ವಕೀಲರ ಕಡೆಗೇ ತಳ್ಳಿದಳು.

"ಜಾರಲಿಲ್ಲ. ನಾಲ್ಕು ಜನ ಇದ್ರು. ಇಬ್ಬರು ಕೈ ಹಿಡ್ಕೊಂಡ್ರು, ಒಬ್ಬಳು ಪೇಟ ಎಳೆದ್ಲು. ಇನ್ನೊಬ್ಬಳು ಕ್ರಾಫ್ಟ್ ಕ್ಲಾಸಿನ ಕತ್ತರಿ ತಂದಿದ್ಲು. ಹಿಂದುಗಡೆ, ಒಳಗಿನ ಕೂದಲು ಕತ್ತರಿಸಿದ್ಲು. ಅಮ್ಮನಿಗೆ ಗೊತ್ತಾಗಬಾರದು ಅಂತ ಒಂದು ವಾರದಿಂದ ನಾನೇ ತಲೆ ಬಾಚ್ಕೋತಿದ್ದೀನಿ."

ಹುಟ್ಟಿದಂದಿನಿಂದ ಕತ್ತರಿ ಸೋಕದ ಕೂದಲು. ಯಾರು ಬಾಚಿದರೂ ಒಂದೇ ಎಂದು ಒಂದು ವಾರ ಸುಮ್ಮನಿದ್ದೆನಲ್ಲ, ನಾನೆಂಥ ತಾಯಿ! ತಾಯಿಯ ಪೆನ್ಸಿಲು ಅಲ್ಲೇ ನಿಂತಿತು. ಕೊಲೆ ಕೇಸಿನಲ್ಲೂ ನಿಂತಿರಲಿಲ್ಲ. ಕಣ್ಣೀರು ಹಾಳೆಯ ಮೇಲೆ ಬಿತ್ತು.

"ಯಾಕಮ್ಮ ನಿಲ್ಲಿಸಿದೆ? ಬರ್ಕೋ," ಎಂದಳು ಗುಬ್ಬಿ. "ನಾಲ್ಕೂ ಹೆಸರು ಹೇಳ್ತೀನಿ."

ಹೆಡ್‌ಮಾಸ್ಟರು ದಡಬಡಿಸಿ ಎದ್ದು ಬಾಗಿಲು ಹಾಕಲು ಹೋದರು.

"ತೆಗೆದೇ ಇರ್ಲಿ ಸರ್," ಎಂದು ಹುಡುಗಿ, ಹೊರಗೆ ವರಾಂಡದವರೆಗೂ ಕೇಳುವ ಹಾಗೆ, ಮೊದಲನೇ ಹೆಸರು ಹೇಳಿದಳು.